ಅಕ್ಕಯಮ್ಮನ ಕಾರ್ಡಿಗೆ ತುಂಬಿದ್ದು

ಉಗುರಷ್ಟು ಕಾರ್ಡು. ಸೆರಗಿನ ಗಂಟು ಬಿಚ್ಚಿ
ಗಾಜಿನ ಮೇಲಿಟ್ಟಳು. ಬೆರಳ ತುದಿಗಳಲ್ಲಿ ಬೆಂದ ಬಿಳುಪು,
ಸೀರೆಗೆ ಗೂಡು ಬೇಯಿಸಿದ ವಾಸನೆ.
“ಬರೀ ಹೆಂಗಸರದ್ದು ಹಾಕು.
ಗಂಡಸರ ಕೂಗು ಹಗಲೆಲ್ಲ ಫಿಲೇಚರಿನಲ್ಲೇ ಸಾಕಾಗಿದೆ.
ಕುಣಿಸೋದು ಬೇಡ, ಅಳಿಸೋದೂ ಬೇಡ.
ಮನೇಲಿ ಕಾಲು ಚಾಚಿದಾಗ
ಪಕ್ಕದಲ್ಲಿ ಯಾರೋ ಸುಮ್ಮನೆ ಕೂತಂಗಿರಬೇಕು.”

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಎದುರು
ಮೂರಡಿ ಅಂಗಡಿ ನನ್ನದು.
ಮೂವತ್ತು ರೂಪಾಯಿಗೆ ಕಾರ್ಡು ತುಂಬ ಹಾಡು.
ಪಿಚ್ಚರಿನ ಹೆಸರು ಹೇಳುವವರುಂಟು,
ಹೀರೋ ಹೆಸರು ಹೇಳುವವರುಂಟು.
ಹೀಗೆ ಕೇಳಿದವರು ಇವಳೊಬ್ಬಳೇ.

ರಾತ್ರಿ ಷಟರು ಅರ್ಧ ಇಳಿಸಿ
ಒಬ್ಬೊಬ್ಬಳನ್ನೇ ಕೂರಿಸಿ ಕೇಳಿದೆ.

ಒಬ್ಬಳ ದನಿ ಹೊಸ ಸ್ಟೀಲಿನ ಚೊಂಬು,
ಇಟ್ಟಲ್ಲೆಲ್ಲ ಠಣ್ಣೆನ್ನುತ್ತದೆ. ಬೇಡ.
ಒಬ್ಬಳು ಎತ್ತರಕ್ಕೆ ಹತ್ತಿ ಅಲ್ಲೇ ನಿಂತು
ನೋಡಿ, ನೋಡಿ ಎನ್ನುತ್ತಾಳೆ.
ದಿನವೆಲ್ಲ ಬಗ್ಗಿ ಎಳೆ ಹುಡುಕಿದವಳ ಕತ್ತನ್ನು
ಮೇಲೆತ್ತಿಸಬಾರದು. ಬೇಡ.

ಆಮೇಲೆ ಸಿಕ್ಕಳು, ವಯಸ್ಸಾದವಳು.
ತಂಬೂರಿಗೂ ಅವಳಿಗೂ ಜಗಳವಿಲ್ಲ.
ನಡುವೆ ಒಮ್ಮೆ ಕೆಮ್ಮಿ, ಯಾರಿಗೋ “ನಿಧಾನ” ಅಂದು
ಮತ್ತೆ ಅದೇ ಸಾಲಿಗೆ ಮರಳುತ್ತಾಳೆ,
ಚಿಲಕ ಹಾಕಿದೆನೋ ಇಲ್ಲವೋ ಎಂದು
ಎದ್ದು ಹೋಗಿ ನೋಡಿ ಬಂದವಳ ಹಾಗೆ.
ಆ ಕೆಮ್ಮನ್ನು ನಾನು ಕತ್ತರಿಸಲಿಲ್ಲ.

ಇನ್ನೊಬ್ಬಳಿಗೆ ಹೆಸರೇ ಇಲ್ಲ, ಬರೀ ‘ಟ್ರ್ಯಾಕ್ ಏಳು’.
ಯಾವ ಸೀಮೆಯವಳೋ, ಗಂಟಲಲ್ಲಿ ಎಲೆಯಡಿಕೆಯ ಒಗರು.
ಅವಳು ‘ಬಾ’ ಅಂದರೆ
ಯಾರನ್ನು ಅಂತ ಕೇಳಬೇಕೆನಿಸುವುದಿಲ್ಲ,
ಚಪ್ಪಲಿ ಬಿಟ್ಟು ಒಳಗೆ ಹೋದರಾಯಿತು.

ತೆಲುಗಿನ ಜೋಲಿಪದದವಳು. ಹಾಗೇ ಇನ್ನಷ್ಟು ಮಂದಿ.
ಒಟ್ಟು ಹನ್ನೊಂದು ಜನ. ಕಾರ್ಡಿನಲ್ಲಿ ಮುಕ್ಕಾಲು ಖಾಲಿ.
ಹತ್ತು ರೂಪಾಯಿ ಕಮ್ಮಿ ತಗೊಂಡೆ.

ವಾರ ಬಿಟ್ಟು ಬಂದಳು.
“ಮೊದಲನೆಯವಳು ಕೆಮ್ಮೋವರೆಗೂ ಎಚ್ಚರ ಇರ್ತೀನಪ್ಪ.
ಎರಡನೆಯವಳು ‘ಬಾ’ ಅಂತಾಳೆ, ಅಷ್ಟೇ, ನಿದ್ದೆ.
ಮೂರನೆಯವಳು ಯಾರು ಅಂತ ಇನ್ನೂ ಗೊತ್ತಿಲ್ಲ.”
ತಪ್ಪೊಪ್ಪಿಕೊಳ್ಳುವ ದನಿ.
ಯಾವ ಸನ್ಮಾನದ ಶಾಲೂ
ನನಗೆ ಅಷ್ಟು ಬೆಚ್ಚಗಿದ್ದೀತೆ?

“ಎಲ್ಲಾರ್ನೂ ಇಟ್ಕೊಂಡಿದೀಯಲ್ಲ, ಮಸ್ತಾನ್‌ಬಿ ಇದಾಳಾ?”
ಹುಡುಕಿದೆ. ಇಲ್ಲ.
ಬಾಯಿಗೆ ಸೆರಗು ಒತ್ತಿ ನಕ್ಕಳು.
“ನಮ್ಮ ಸಾಲಲ್ಲೇ, ಆರನೇ ಬೇಸಿನ್.
ತುಟಿ ಆಡೋದು ನೋಡಿ ಹಾಡ್ತಾವ್ಳೆ ಅನ್ಕೋಬೇಕು.
ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತಿದೀನಿ,
ಮಿಷನ್ನಿನ ಸದ್ದಲ್ಲಿ ಒಂದಕ್ಷರ ಕೇಳಿಲ್ಲ.
ಕರೆಂಟು ಹೋದಾಗ ಮಾತ್ರ ಅರ್ಧ ಸಾಲು.
ಚಕ್ರ ನಿಂತಿದ್ದು ಗೊತ್ತಾಗಿ
ಅವಳು ನಾಲಗೆ ಕಚ್ಕೊಳ್ಳೋ ಅಷ್ಟು ಹೊತ್ತು.
ಅದನ್ನ ತುಂಬಕ್ಕಾಯ್ತದಾ?”

ಬಾಕಿ ವಸೂಲಿಯ ನೆಪ ಹೇಳಿಕೊಂಡು
ಮೂರು ಮಧ್ಯಾಹ್ನ ಹೋಗಿ ಬಾಗಿಲಲ್ಲಿ ನಿಂತೆ.
ಆವಿ, ಹಬೆಯೊಳಗೆ ಸಾಲು ಸಾಲು ಬೆನ್ನು,
ಆರನೆಯ ಬೇಸಿನ್ನಿನ ಮೇಲೆ ಆಡುವ ತುಟಿ.
ಮೂರನೆಯ ದಿನ ಪಟ್ಟನೆ ಕರೆಂಟು ಹೋಯಿತು.

ಉರ್ದುವೋ ತೆಲುಗೋ ತಿಳಿಯುವ ಮೊದಲೇ ಮುಗಿಯಿತು.
ನೀರಿನಲ್ಲಿ ಗೂಡುಗಳು ಇನ್ನೂ ತಿರುಗುತ್ತಿದ್ದವು.
ಎಲ್ಲರೂ ಅವಳತ್ತ ನೋಡಿದರು, ಅವಳು ಸೌಟಿನತ್ತ.
ಜೇಬಿನ ಫೋನು ಜೇಬಿನಲ್ಲೇ ಇತ್ತು,
ಅದರ ಮೇಲೆ ನನ್ನ ಬೆರಳು, ಒತ್ತದೆ.

ಈಗ ಯಾರಾದರೂ ಕೇಳಿದರೆ,
ಮನೆಯಲ್ಲಿ ಹಾಯಾಗಿ ಕೇಳಲು ಯಾರು ಒಳ್ಳೆಯವರು ಅಂತ,
ಹತ್ತು ಜನರ ಹೆಸರು ಹೇಳುತ್ತೇನೆ, ಒಬ್ಬಳ ನಂಬರು.
ಇನ್ನೊಬ್ಬಳಿದ್ದಾಳೆ ಅನ್ನುತ್ತೇನೆ, ಮನೆಗೆ ಒಯ್ಯಲಾಗುವುದಿಲ್ಲ.
ಯಾವ ಹೊತ್ತಿಗೆ ಬರಬೇಕು ಅನ್ನುತ್ತಾರೆ.
ಅದನ್ನು ಬೆಸ್ಕಾಂನವರೂ ಹೇಳಲಾರರು.