ಅಣ್ಣನ ಪಾಲು

ಹದಿನಾರು ವರ್ಷದಿಂದ ನಾನು
ವಿರಾಜಪೇಟೆಯ ಆಸ್ಪತ್ರೆಯಲ್ಲಿ ರಕ್ತ ನೋಡುವವಳು.
ಸೋಮವಾರದ ಟ್ರೇ ಯಾವಾಗಲೂ ಭಾರ.
ಭಾನುವಾರ ಯಾರದೋ ಮದುವೆ, ಯಾರದೋ ತಿಥಿ,
ಎರಡಕ್ಕೂ ಒಂದೇ ಬ್ರಾಂಡಿ.

ಕೆಂಪು ಮುಚ್ಚಳದ ಕೊಳವೆಗಳು ಸಾಲಾಗಿ ನಿಂತರೆ
ತೋಟದ ಸಾಹುಕಾರರ ಪಕ್ಕ ಲೈನ್‌ಮನೆಯ ಚೋಮ,
ನಿವೃತ್ತ ಸುಬೇದಾರರು,
ಪಿಕಪ್ ಓಡಿಸುವ ಹುಡುಗ,
ಒಬ್ಬ ಟೀಚರು: ಚೀಟಿಯಲ್ಲಿ ಬರೀ ‘ಸುಸ್ತು’.
ಒಕ್ಕದ ಹೆಸರು ಕೊಳವೆಯ ಹೊರಗಷ್ಟೇ ಅಂಟಿರುತ್ತದೆ.
ಮೊನ್ನೆ ಕಾಲೇಜು ಹುಡುಗನೊಬ್ಬನ ಮೂತ್ರದ ಪಟ್ಟಿಯಲ್ಲಿ
ಮೂಡಬೇಕಾದ ಗೆರೆ ಮೂಡಲಿಲ್ಲ.
ಗೆರೆ ಇಲ್ಲವಲ್ಲ, ಸದ್ಯ, ಎಂದು
ಅವನ ತಾಯಿ ಕೈ ಮುಗಿದಳು.
ಗೆರೆ ಇಲ್ಲದಿದ್ದರೇ ಗುಳಿಗೆ ಇದೆ ಅಂತ ಅರ್ಥ,
ಅದನ್ನು ನಾನೇ ಹೇಳಬೇಕಾಯಿತು.

ಅಣ್ಣನ ರಕ್ತ ಬಂದ ದಿನವೂ ನನ್ನದೇ ಪಾಳಿ.
ಯಂತ್ರ ತಿರುಗಿ ನಿಂತಾಗ ಮೇಲಿನ ತಿಳಿ
ಹಣ್ಣು ಕಿತ್ತಳೆಯ ಸಿಪ್ಪೆಯ ಬಣ್ಣ.
ಇನ್ನೊಮ್ಮೆ ತಿರುಗಿಸಿದೆ.
ಬಣ್ಣಕ್ಕೆ ತಂಗಿ ಎಂಬ ದಾಕ್ಷಿಣ್ಯವೇ?
‘ಎಷ್ಟು ಬಂತು?’ ಅಂದ, ಪರೀಕ್ಷೆಯ ಅಂಕ ಕೇಳುವವನಂತೆ.
ಹನ್ನೊಂದು.
‘ಪಾಸಾ?’
ನಗಬಾರದಿತ್ತು. ನಕ್ಕೆ.

ಬಿದ್ದಪ್ಪ. ಹೆಸರಿನಲ್ಲೇ ಬಿದ್ದಿದ್ದಾನೆ ಅನ್ನುವುದು
ಅವನನ್ನು ಹೊತ್ತು ತಂದು
ಕೈಯಾಲೆಗೆ ಒರಗಿಸಿ ಹೋಗುತ್ತಿದ್ದ ಗೆಳೆಯರ ತಮಾಷೆ.
ಅವರಲ್ಲಿ ಇಬ್ಬರು ಈಗ ನನ್ನ ಟ್ರೇಯಲ್ಲಿದ್ದಾರೆ.

ಈ ವರ್ಷ ಅವನೂ ಕಾರಣರಲ್ಲಿ ಒಬ್ಬ.
ತಾಮನೆಯಲ್ಲಿ ತೂಗುದೀಪ ಹಚ್ಚಿ ಎಲೆ ಹಾಕಿದ್ದಾರೆ,
ಪಂದಿಕರಿ, ಕೋಳಿ, ಬಿಸಿ ಕಡಂಬಿಟ್ಟು,
ಎಲೆಯ ಬದಿಗೆ ಒಂದೊಂದು ಲೋಟ.
ಸತ್ತವರಿಗೆ ಇಷ್ಟವಾದದ್ದನ್ನೇ ಇಡಬೇಕು.
ಅಜ್ಜನ ಲೋಟ ತುಂಬಿತು, ಮುತ್ತಜ್ಜನದ್ದೂ.
ಅಣ್ಣನದ್ದರ ಮುಂದೆ ಎಲ್ಲರೂ ಸುಮ್ಮನಾದರು.
ಕೊಂದದ್ದನ್ನೇ ಬಡಿಸುವುದೇ?
ಬಡಿಸದಿದ್ದರೆ ನಡುರಾತ್ರಿ ಬಂದು
ಬಾಗಿಲು ಒದೆಯುತ್ತಾನೆಯೇ, ಆಗಿನ ಹಾಗೆ?

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು
ಬಾಟಲಿಯನ್ನು ಅಣ್ಣನ ಮಗನ ಕೈಗೆ ಕೊಟ್ಟರು.
ಪೂವಣ್ಣನಿಗೆ ಹದಿಮೂರು.
ಕೈ ನಡುಗಲಿಲ್ಲ.
ಓರೆ ಮಾಡಿದ, ಎರಡು ಬೆರಳೆತ್ತರಕ್ಕೆ ನಿಲ್ಲಿಸಿದ,
ಬಾಟಲಿಯ ಬಾಯಿಗೆ ಬಂದ ಕೊನೆಯ ಹನಿಯನ್ನು
ಮಣಿಕಟ್ಟಿನ ಒಂದು ತಿರುವಿನಲ್ಲಿ ಒಳಗೇ ಕಳಿಸಿದ.
ಒಂದು ತೊಟ್ಟೂ ಎಲೆಗೆ ಬೀಳಲಿಲ್ಲ.

ಅಷ್ಟು ಸರಿಯಾಗಿ ಅಳೆಯುವುದನ್ನು ಕಲಿಯಲು ನನಗೆ
ಎರಡು ವರ್ಷದ ಡಿಪ್ಲೊಮಾ ಬೇಕಾಗಿತ್ತು.

ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ:
‘ಅತ್ತೆ, ನೀರು ಬೆರೆಸಲಾ?
ಕೊನೆಕೊನೆಗೆ ಅಪ್ಪ ಬೇಡ ಅನ್ನುತ್ತಿದ್ದರು.’

ಬೆರೆಸು, ಅಂದೆ.
ತಂಬಿಗೆ ಕೊಟ್ಟೆ.
ಹುಡುಗ ಹೊಯ್ದ, ನನ್ನ ಮುಖ ನೋಡಿದ, ಮತ್ತೆ ಹೊಯ್ದ.
ಲೋಟ ತುಂಬಿ, ಎಲೆಯ ಮೇಲೆ ಹರಿದು,
ಅಜ್ಜನ ಕಡಂಬಿಟ್ಟಿನ ಬುಡಕ್ಕೆ ಮುಟ್ಟಿತು.
ಸಾಕು ಎಂದು
ಯಾರೂ ಹೇಳಲಿಲ್ಲ.