ಇಲಿ ಇಪ್ಪತ್ತೆರಡು

ಡಂಡಿಯ ಒಂದು ನೆಲಮಾಳಿಗೆ, ಬೆಳಗಿನ ಆರು ಗಂಟೆ.
ಇಶ್‌ಬೆಲ್ ರೆನ್ನಿ ಕೈಗವಸು ತೊಟ್ಟು
ಬಾಲ ಎತ್ತಿ ಹಿಡಿದು
ಒಂದು ಹನಿ ಉಪ್ಪುನೀರು ಬಿಟ್ಟು, ಹೀರಿ,
ಗಾಜಿನ ಪಟ್ಟಿಯ ಮೇಲೆ ಸವರುತ್ತಾಳೆ.
ನೇರಳೆ ಬಣ್ಣ. ಒಂದು ನಿಮಿಷ. ನಲ್ಲಿ ನೀರು.
ಆಮೇಲೆ ಮಸೂರಕ್ಕೆ ಕಣ್ಣು.

ಇವತ್ತು ಅವಲಕ್ಕಿ:
ಒಣ ಒಣ, ತೆಳು ತೆಳು,
ನಡುವಿನ ಕಾಳು ಕಳಕೊಂಡ ಜೀವಕಣಗಳು.
(ಅವಳು ಕಾರ್ನ್‌ಫ್ಲೇಕ್ಸ್ ಅನ್ನುತ್ತಾಳೆ. ಅವಲಕ್ಕಿ ನನ್ನದು.)
ನಿನ್ನೆ ದುಂಡು ದುಂಡಾಗಿ, ಗೊಂಚಲು ಗೊಂಚಲಾಗಿ ಇದ್ದವು.
ನಾಳಿದ್ದು ಬರೀ ಗಸಗಸೆ ಚೆಲ್ಲಿದ ಹಾಗೆ.
ನಾಲ್ಕೇ ದಿನದ ತಿಂಗಳು ಇಲಿಗೆ;
ಐದನೆಯ ಬೆಳಗು ಮತ್ತೆ ಮೊದಲಿನಿಂದ.

ಹತ್ತು ಗಂಟೆಗೆ ಸನ್ನೆಗೋಲಿನ ಪೆಟ್ಟಿಗೆ.
ಅದೇ ಪುಡಿ, ಅದೇ ತೂಕ, ಅದೇ ನಳಿಕೆ.
ಗಸಗಸೆಯ ದಿನ ಇಪ್ಪತ್ತೆರಡು
ಹದಿನೇಳು ಸಲ ಒತ್ತಿ, ಮುಖ ಉಜ್ಜಿಕೊಂಡು
ಮೂಲೆಗೆ ಹೋಗಿ ಮಲಗಿತ್ತು.
ಅವಲಕ್ಕಿಯ ದಿನ
ನೂರಾ ನಾಲ್ಕು.
ಪಕ್ಕದಲ್ಲೇ ಇದ್ದ ಕಾಳಿನ ಬಟ್ಟಲನ್ನು
ತಿರುಗಿಯೂ ನೋಡಲಿಲ್ಲ.

ಈಸ್ಟ್ರೋಜನ್ ಏರಿದಾಗ ಡೋಪಮೈನಿನ ಕೈ ಸಡಿಲ,
ಲೋಟ ಕೇಳಿದರೆ ಕೊಡವೇ ಬಗ್ಗುತ್ತದೆ.
ಪ್ರೊಜೆಸ್ಟರಾನ್ ತಡವಾಗಿ ಬಂದು
ಮುಚ್ಚಳ ಹುಡುಕುತ್ತದೆ. ಸಿಕ್ಕರೆ ಸಿಕ್ಕಿತು.

ಚಂದ್ರನನ್ನು ದಯವಿಟ್ಟು ಇಲ್ಲಿಗೆ ಕರೆಯಬೇಡಿ,
ಟೇ ನದಿಯ ಉಬ್ಬರವನ್ನೂ.
ಇದು ಕಿಟಕಿಯೇ ಇಲ್ಲದ ಕೋಣೆ.

ಮೇಲಿನ ಕಪಾಟಿನ ಹಳೆಯ ಪ್ರಬಂಧಗಳಲ್ಲಿ
ಸಾಲು ಸಾಲು ಇಲಿ, ಎಲ್ಲವೂ ಗಂಡು.
ಹೆಣ್ಣನ್ನು ಯಾಕೆ ಬಿಟ್ಟಿರಿ ಅಂದರೆ
ದಿನಕ್ಕೊಂದು ಥರ ಆಡುತ್ತದೆ, ಗೆರೆ ನೆಟ್ಟಗೆ ಬರುವುದಿಲ್ಲ.
ಗೆರೆ ನೆಟ್ಟಗಾಗಲೆಂದು
ಅರ್ಧ ಲೋಕವನ್ನೇ ಪಂಜರದಾಚೆ ಇಟ್ಟರು.
(ಅದರಿಂದ ಇಲಿಗೇನೂ ನಷ್ಟವಿಲ್ಲ, ನಿಜ.)

ಇಶ್‌ಬೆಲ್‌ಗೆ ಒಬ್ಬಳು ತಂಗಿ, ಮೊರ್ವೆನ್.
ಲಾಕಿಯ ಎತ್ತರದ ಕಟ್ಟಡದಲ್ಲಿ ಒಂಬತ್ತನೆಯ ಮಹಡಿ, ಕೆಟ್ಟ ಲಿಫ್ಟು.
ಮೂರು ಸಲ ಬಿಟ್ಟವಳು,
ಮೂರು ಸಲ ಅದೇ ಪುಡಿಗೆ ಮರಳಿದವಳು.
ಒಂದು ರಾತ್ರಿ ಅಕ್ಕ ಹಳೇ ಕ್ಯಾಲೆಂಡರುಗಳನ್ನು ಹರಡಿ
ಮುಟ್ಟಿನ ಕೆಂಪು ಚುಕ್ಕೆಯಿಂದ ಬಿದ್ದ ದಿನದವರೆಗೆ
ಬೆರಳು ಮಡಚಿ ಎಣಿಸಿದಳು:
ಹನ್ನೆರಡು. ಹದಿಮೂರು.
ಮೂರನೆಯದು ಇಪ್ಪತ್ತಾರು.
ಮತ್ತೆ ಎಣಿಸಿದಳು. ಇಪ್ಪತ್ತಾರೇ.
ಅದು ಅಮ್ಮನನ್ನು ಮಣ್ಣು ಮಾಡಿದ ದಿನ.
ಅದಕ್ಕೆ ನೇರಳೆ ಬಣ್ಣ ಹತ್ತುವುದಿಲ್ಲ.

ಹೇಳಬೇಕೋ ಬೇಡವೋ.
ಅವರ ಮನೆಯಲ್ಲಿ ಅಪ್ಪನದೊಂದು ಮಾತಿತ್ತು,
ಹುಡುಗಿಯರು ಚೂರು ದನಿ ಎತ್ತಿದರೆ ಸಾಕು:
"ಏನು, ಆ ದಿನವೋ?"
ಅದೇ ಮಾತು ಈಗ ಬಿಳಿ ಕೋಟು ತೊಟ್ಟು
ಬಾಗಿಲು ತಟ್ಟಿದ ಹಾಗಾದರೆ?

ಹೇಳಿದಳು, ಫೋನಿನಲ್ಲಿ, ತಡವರಿಸುತ್ತ,
ನೂರಾ ನಾಲ್ಕರ ತನಕ ಎಲ್ಲ.
ಮೊರ್ವೆನ್ ತುಂಬ ಹೊತ್ತು ಸುಮ್ಮನಿದ್ದು
"ಅಂದರೆ," ಎಂದಳು,
"ಬೆಟ್ಟ ದಿನಾ ಇಷ್ಟೇ ಎತ್ತರ ಇರೋದಿಲ್ಲ?"

ಈಗ ಗೋಡೆಯ ಕ್ಯಾಲೆಂಡರಿಗೆ ದಾರ ಕಟ್ಟಿದ ಪೆನ್ಸಿಲು.
ಮನಸ್ಸು ಎಷ್ಟು ಎಳೆಯಿತು, ಹತ್ತಕ್ಕೆ ಎಷ್ಟು, ದಿನಕ್ಕೊಂದು ಅಂಕಿ.
ಎರಡು. ಮೂರು. ಮೂರು. ಒಂದು ದಿನ ಖಾಲಿ. ಐದು.
ಹನ್ನೊಂದನೆಯ ಸಂಜೆ ಇಶ್‌ಬೆಲ್
ಕರೆಯದೆಯೇ ಒಂಬತ್ತು ಮಹಡಿ ಹತ್ತಿ ಬರುತ್ತಾಳೆ.
ಇಸ್ಪೀಟು ಆಡುತ್ತಾರೆ, ಇಬ್ಬರೂ ಮೋಸ ಮಾಡುತ್ತ.
"ನಿನ್ನ ಇಪ್ಪತ್ತೆರಡು ಇವತ್ತು ಏನು?"
"ಕಾರ್ನ್‌ಫ್ಲೇಕ್ಸ್."
"ಪಾಪ," ಎನ್ನುತ್ತಾಳೆ ಮೊರ್ವೆನ್.
ಎದ್ದು ಹೋಗಿ ಗೋಡೆಯ ಮೇಲೆ ಒಂಬತ್ತು ಬರೆದು
ಬಂದು ಕೂತು
ಎಲೆ ಹಂಚುತ್ತಾಳೆ.