ಐವತ್ತೈದು ಹರ್ಟ್ಜ್

ಟೀಮೊನ್,
ಇವತ್ತು ನನ್ನ ಕೋಣೆಯನ್ನು ಅಳೆದೆ.

ಪೆನ್ಸಿಲಿನಷ್ಟು ತೆಳ್ಳಗಿನ ಮೈಕು, ಅಂಚೆಯಲ್ಲಿ ಬಂತು.
ದಿನಾ ಕೂರುವ ಕುರ್ಚಿಯ ಮೇಲೆ
ನನ್ನ ಕಿವಿಯ ಎತ್ತರಕ್ಕೆ ಅದನ್ನು ನಿಲ್ಲಿಸಿ,
ಗುಂಡಿ ಒತ್ತಿ, ಹೊರಗೆ ಓಡಿ
ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತೆ.
ಒಳಗೆ ಸ್ಪೀಕರು
ಪಾತಾಳದಿಂದ ಸೊಳ್ಳೆಯ ದನಿವರೆಗೆ
ಒಂದೇ ಎಳೆತದಲ್ಲಿ ಊಳಿಟ್ಟಿತು.
ಕೆಳಮನೆಯ ಯಾದ್ವಿಗಾ ಅವರ ನಾಯಿ ಉತ್ತರ ಕೊಟ್ಟಿತು.
ಮೂರು ಸಲ ಅಳೆದೆ. ಮೂರು ಸಲವೂ ಕೊಟ್ಟಿತು.

ಪರದೆಯ ಮೇಲೆ ಗೆರೆ ಮೂಡಿತು.
ಎಡತುದಿಯಲ್ಲಿ ಒಂದು ಗುಡ್ಡ,
ಒಂಟೆಯ ಡುಬ್ಬದ ಹಾಗೆ.
ಬಾಣವನ್ನು ಅದರ ನೆತ್ತಿಗೆ ಒಯ್ದೆ:
ಐವತ್ತೈದು ಹರ್ಟ್ಜ್.
ನಿನ್ನ ಬೇಸ್ ಗಿಟಾರಿನ ಮೂರನೇ ತಂತಿ
ಬೆರಳೂರದೆ ಮೀಟಿದರೆ ಬರುವ ಸ್ವರ.

ಗೋಡೆಯಿಂದ ಗೋಡೆಗೆ
ಮೂರು ಮೀಟರು ಹನ್ನೆರಡು ಸೆಂಟಿಮೀಟರು,
ಉದ್ದವೂ ಅಷ್ಟೇ, ಅಗಲವೂ ಅಷ್ಟೇ.
ಗ್ದಿನ್ಯಾದ ಹಡಗುಕಟ್ಟೆಯವರಿಗೆಂದು
ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮನೆಗಳು.
ಆ ಒಂದು ಸ್ವರ ಮಾತ್ರ ಇಲ್ಲಿ ಆರುವುದಿಲ್ಲ,
ಗೋಡೆಗೆ ಬಡಿದು ಮರಳಿ, ತನ್ನನ್ನೇ ತಾನು ಕೂಡಿಕೊಂಡು
ಗೋಡೆಗೆ ಬೆನ್ನು ಕೊಟ್ಟು ಕೂತವಳ ಕಿವಿಯಲ್ಲಿ
ದುಪ್ಪಟ್ಟಾಗಿ ಗುಮ್ಮೆನ್ನುತ್ತದೆ.

ಮೂರು ವರ್ಷ ಅದನ್ನೇ ನಾನು
ನಿನ್ನ ಕೈ ಅಂದುಕೊಂಡೆ.

ನೆನಪಿದೆಯಾ, ಮೊದಲ ಹಾಡಿಗೇ ಅಂದೆ: ಕೈ ಭಾರ ನಿಂದು.
ಈಕ್ವಲೈಜರಿನ ಗೆರೆಯನ್ನು ಅಲ್ಲೇ ಹಿಡಿದು
ಆರು ಡೆಸಿಬೆಲ್ ಕೆಳಗೆ ಜಗ್ಗಿದೆ.
ಎಷ್ಟು ತಿಳಿಯಾಯಿತು ನೋಡು, ಅಂತ ಬೀಗಿದೆ.
ಬಂದರಿನ ಪಾರ್ಕಿಂಗಿನಲ್ಲಿ, ನಿನ್ನ ಹಳೇ ಸ್ಕೋಡಾದಲ್ಲಿ,
ಗಾಜು ಏರಿಸಿ, ಎರಡು ಸಲ ಕೇಳಿ
ನೀನು ಕೇಳಿದ್ದು ಒಂದೇ:
ಇದರಲ್ಲಿ ನಾನೆಲ್ಲಿ?
ಕಾರಿನ ಸ್ಪೀಕರು ಸರಿಯಿಲ್ಲ ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ನಾನು ಅದನ್ನೂ ಅನ್ನಲಿಲ್ಲ.
ನೆಲ ನಿಜಕ್ಕೂ ಡೊಂಕಾಗಿತ್ತು, ಟೀಮೊನ್,
ನಾನು ಕುಣಿಯುವವನ ಕಾಲು ತಿದ್ದುತ್ತಿದ್ದೆ.

ನೀನು ತಂತಿ ಬದಲಿಸಿದೆ.
ತಂತಿಯಡಿ ಸ್ಪಂಜು ತುರುಕಿದೆ.
ಕ್ರೇನಿನ ಗೂಡಿನಲ್ಲಿ ಕೂತು
ನಲವತ್ತು ಟನ್ನಿನ ಕಂಟೇನರನ್ನು
ಮೊಟ್ಟೆಯ ಹಾಗೆ ಇಳಿಸುವವನು ನೀನು,
ನಿನಗೆ ಕೈ ಭಾರ ಅಂದವಳು ನಾನು.

ಈ ರಾತ್ರಿ ಹದಿನಾಲ್ಕೂ ಹಾಡು ತೆರೆದೆ.
ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ಹಳ್ಳ,
ನಾನೇ ತೋಡಿದ್ದು.
ಒಂದೊಂದಾಗಿ ಮುಚ್ಚಿದೆ.
ಹಾಡುಗಳು ಮೊಣಕಾಲ ಮೇಲೆ ಕೈಯೂರಿ
ಎದ್ದು ನಿಂತವು.
ಕೊನೆಯದರಲ್ಲಿ ಏನೂ ಆಗಲಿಲ್ಲ.
ನಿನ್ನ ಟ್ರ್ಯಾಕನ್ನು ಒಂಟಿಯಾಗಿ ಕೇಳಿದೆ.
ಆ ಸ್ವರವೇ ಇಲ್ಲ.
ಹಾಡು ಅದನ್ನು ಕರೆಯುವಲ್ಲೆಲ್ಲ
ನೀನು ಒಂದು ಸ್ಥಾಯಿ ಮೇಲೆ ಹತ್ತಿಕೊಂಡು
ಮಲಗಿದ ಮಗುವನ್ನು ದಾಟುವವನ ಹಾಗೆ
ದಾಟಿ ಹೋಗಿದ್ದೀಯ.

ಕೆಳಗಿನ ಸ್ಥಾಯಿಯನ್ನು ಹುಟ್ಟಿಸಿಕೊಡುವ ತಂತ್ರಾಂಶವೂ ಇದೆ,
ಹದಿನಾಲ್ಕು ದಿನ ಪುಕ್ಕಟೆ.
ಹಾಕಿ ನೋಡಿದೆ. ಸ್ವರ ಬಂತು, ದಪ್ಪಗೆ, ಗುಂಡಗೆ.
ತುದಿಗಾಲಲ್ಲಿ ನಡೆಯುವವನಿಗೆ
ಬೂಟು ತೊಡಿಸಿದ ಹಾಗಿತ್ತು.
ಅಳಿಸಿದೆ.

ಹದಿಮೂರು ಕಳಿಸಿದ್ದೇನೆ. ಕಾರಿನಲ್ಲೇ ಕೇಳು.
ಮೇಜನ್ನು ಗೋಡೆಯಿಂದ ಎಳೆದಿದ್ದೇನೆ,
ಕೋಟುಗಳನ್ನೆಲ್ಲ ಮೂಲೆಯಲ್ಲಿ ನೇತುಹಾಕಿದ್ದೇನೆ.
ಗುಡ್ಡ ಇನ್ನೂ ಇದೆ, ಅರ್ಧದಷ್ಟು.
ಅದು ಅಲ್ಲಿದೆ ಅಂತ ಈಗ ಗೊತ್ತು.

ಶನಿವಾರ ಯಾದ್ವಿಗಾ ನಾಯಿ ಕಟ್ಟಿಕೊಂಡು
ಸೋಪೋಟಿಗೆ, ತಂಗಿ ಮನೆಗೆ ಹೋಗುತ್ತಾರೆ.
ಪಾಳಿ ಇಲ್ಲದಿದ್ದರೆ ಬಾ.
ಸ್ಪಂಜು ತೆಗೆದು ತಾ.